ಮೆಟ್ರಿಗೆ ಕಾಣುವ ಹಾಗೆ

ಅಳಿಸಬೇಕೇ ಎಂದು ಫೋನು ಕೇಳಿತು. ಹೌದು ಎಂಬುದೂ ಬೇಡ ಎಂಬುದೂ ಒಂದೇ ಗಾತ್ರದ ಅಕ್ಷರಗಳಲ್ಲಿ ಅಕ್ಕಪಕ್ಕ ನಿಂತಿದ್ದವು. ಶಾಂಭವಿ ಮೆಟ್ಟಿಲ ನಡುವೆ ಗೋಡೆಗೆ ಒತ್ತಿಕೊಂಡು, ಮೇಲೆ ಹತ್ತುವವರಿಗೆ ದಾರಿ ಬಿಟ್ಟು ನಿಂತಿದ್ದಳು. ಹೊಸಪೇಟೆಯ ಸಂಡೂರು ರಸ್ತೆಯ ಈ ಕಟ್ಟಡದಲ್ಲಿ ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಭಾನುವಾರಗಳಂದು ಕಿರಣ್ ಕುಮಾರ್ ಸರ್ ನಡೆಸುವ ತರಗತಿ. ಮನೆಯಲ್ಲೇ ಕೂತು ಆನ್‌ಲೈನ್ ವ್ಯಾಪಾರ ಶುರುಮಾಡುವವರಿಗೆ ಮೊದಲ ಪಾಠಗಳು ಎಂದು ಬಾಗಿಲ ಮೇಲಿನ ಫ್ಲೆಕ್ಸಿನಲ್ಲಿ ಬರೆದಿತ್ತು. ಅದಿರು ಲಾರಿಗಳ ಕೆಂಪು ಧೂಳು ಕೂತು, ಅದರಲ್ಲಿ ನಗುತ್ತಿದ್ದ ಹೆಣ್ಣುಮಗಳ ಹಲ್ಲು ಎಲೆಅಡಿಕೆ ಹಾಕಿದಂತೆ ಕಾಣುತ್ತಿತ್ತು. ಹತ್ತಿ ಬಂದವರಲ್ಲಿ ಒಬ್ಬಾಕೆ, ಕೈಚೀಲ ಹೊಲಿದು ಮಾರುವ ಸಂಗಮ್ಮ, ನಿಂತು ಅವಳ ಭುಜ ಮುಟ್ಟಿ, “ಏನವ್ವಾ, ಇಷ್ಟು ಫೇಮಸ್ ಆಗಿ ಮೆಟ್ಲದಾಗ ನಿಂತೀಯಲ್ಲ? ಮ್ಯಾಲೆ ನಿನಗ ಹಾರ ಹಾಕಾಕ ಕಾಯಾಕತ್ತಾರ” ಎಂದಳು. ಶಾಂಭವಿ ನಕ್ಕಳು. ನಗು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಮುಖದ ಮೇಲೆ ಉಳಿಯಿತು; ಸಂಗಮ್ಮ ಹೋದ ಮೇಲೂ ಅದನ್ನು ಹೇಗೆ ಕೆಳಗಿಳಿಸುವುದೆಂದು ತಿಳಿಯದೆ ನಿಂತಳು.

ಅಳಿಸಬೇಕಾಗಿದ್ದದ್ದು ಅತ್ತೆಯ ವಿಡಿಯೋ. ಅತ್ತೆ ಎಂದರೆ ಅಪ್ಪ ಕೊಟ್ರಯ್ಯನ ಅಕ್ಕ ಅಕ್ಕನಾಗಮ್ಮ, ಗಂಡನ ಊರು ಮೆಟ್ರಿಯಿಂದ ಎಂದೋ ತವರಿಗೆ ಬಂದವಳು, ಮತ್ತೆ ಹೋಗದೆ ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡಗಿಯ ತಮ್ಮ ಮನೆಯ ಒಲೆಯ ಮುಂದೆ ಉಳಿದುಬಿಟ್ಟವಳು. ಶಾಂಭವಿ ಹುಟ್ಟುವ ಮೊದಲೇ ಅವಳು ಅಲ್ಲಿ ಇದ್ದಳು. ಆದ್ದರಿಂದ ಯಾಕೆ ಇದ್ದಾಳೆ ಎಂಬ ಪ್ರಶ್ನೆ ಹಂಚು ಯಾಕೆ ಇದೆ ಎಂಬುದರ ಹಾಗೆ ಯಾರಿಗೂ ಬಂದಿರಲಿಲ್ಲ. ಅವಳ ಜೋಳದ ರೊಟ್ಟಿ ಓಣಿಗೆಲ್ಲ ಗೊತ್ತು. ಡಿಗ್ರಿ ಮುಗಿಸಿ, ಎರಡು ಕಡೆ ಸಂದರ್ಶನದಲ್ಲಿ ದನಿ ಏಳದೆ ತನ್ನ ಹೆಸರನ್ನೇ ಎರಡನೇ ಸಲ ಹೇಳಬೇಕಾಗಿ ಬಂದು, ಮನೆಯಲ್ಲಿ ಕೂತಿದ್ದ ಶಾಂಭವಿಗೆ ಆ ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿ ಶೇಂಗಾ ಚಟ್ನಿಪುಡಿಯ ಜೊತೆ ಊರೂರಿಗೆ ಕಳಿಸಬಹುದು ಎಂದು ಹೊಳೆದದ್ದೇ ಒಂದು ಪುಣ್ಯವೆಂದು ಅವ್ವ ಗಂಗಾಂಬಿಕಾ ಅಂದಿದ್ದಳು. ಚಿತ್ತವಾಡಗಿ ಅಂದರೆ ಹೊರಗಿನವರಿಗೆ ತಿಳಿಯದು, ಹೆಸರಲ್ಲಿ ಹಂಪಿ ಇರಲಿ ಎಂದು ಸರ್ ಹೇಳಿದ್ದಕ್ಕೆ ‘ಹಂಪಿ ರೊಟ್ಟಿ ಮನೆ’ ಎಂದಾಯಿತು. ಮೊದಲ ಪಾಠ, ನಿಮ್ಮ ಮುಖ ತೋರಿಸಿ. ಅವಳು ಬಾಗಿಲು ಹಾಕಿಕೊಂಡು ಫೋನನ್ನು ಪುಸ್ತಕಗಳಿಗೆ ಒರಗಿಸಿ ಎಷ್ಟೋ ಸಲ ತೋರಿಸಲು ನೋಡಿದಳು. ಪ್ರತಿ ಸಲವೂ ಪರದೆಯಲ್ಲಿ ಯಾರೋ ಸಾಲ ಕೇಳಲು ಬಂದವಳ ಹಾಗೆ ಒಬ್ಬ ಹುಡುಗಿ ಕೂತಿರುತ್ತಿದ್ದಳು. ಕೊನೆಗೆ ಅಡುಗೆಮನೆಯ ಬಾಗಿಲ ಬಳಿ ನಿಂತು, “ಅತ್ತಿ, ನಿನ್ನ ಕೈ ತೆಗೀಲೇನು?” ಎಂದು ಕೇಳಿದ್ದಳು. “ಕೈಗೇನಾಗೈತಿ, ತೆಗಿ” ಎಂದಿದ್ದಳು ಅತ್ತೆ. ಸ್ವಲ್ಪ ಹೊತ್ತಿಗೆ ಫೋನು ಇದೆ ಎಂಬುದನ್ನೇ ಮರೆತು ಹಿಟ್ಟು ತಟ್ಟತೊಡಗಿದಳು. ತಟ್ಟುವಾಗ ಅವಳು ಗೊಣಗುತ್ತಾಳೆ. ಎಂದಿನಿಂದಲೂ ಗೊಣಗುತ್ತಾಳೆ. ಆ ಗೊಣಗಿನ ಜೊತೆಯಲ್ಲೇ ಶಾಂಭವಿ ಪರೀಕ್ಷೆಗಳಿಗೆ ಓದಿದ್ದು, ಜ್ವರ ಬಂದಾಗ ಮಲಗಿದ್ದು. ಫ್ಯಾನಿನ ಸದ್ದಿನಂತೆ ಅದು ಮನೆಯದು. ಕೈಯನ್ನು ಕೇಳಿ ಪಡೆದಿದ್ದಳು, ದನಿ ತಾನಾಗಿ ಬಂದಿತ್ತು. ಅಡುಗೆಮನೆಯ ಸದ್ದನ್ನು ಮುಚ್ಚಬೇಡಿ, ಅದೇ ನಿಮ್ಮ ಬಂಡವಾಳ ಎಂಬುದೂ ಒಂದು ಪಾಠವಾಗಿತ್ತು. ಅವಳು ಮುಚ್ಚಲಿಲ್ಲ. ಏನು ಗೊಣಗುತ್ತಾಳೆಂದು ಕೇಳಲೂ ಇಲ್ಲ.

ಕೇಳಿದ್ದು ಬೇರೆಯವರು. ಮರುದಿನ ಸಂಜೆಯ ಹೊತ್ತಿಗೆ ಗುರುತಿಲ್ಲದ ಊರುಗಳ ಮಂದಿ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಅಜ್ಜಿ ಯಾರ ಜೊತೆ ಮಾತಾಡ್ತಿದ್ದಾರೆ? ಚಂದ್ರಿ ಅಂದರೆ ಯಾರು? ಕಣ್ಣಲ್ಲಿ ನೀರು ಬಂತು, ಎರಡು ಪ್ಯಾಕ್ ಕಳಿಸಿ. ಅಜ್ಜಿ ಸ್ವಲ್ಪ ಲೂಸಾ? ಶಾಂಭವಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಸಿಗೆಯ ಮೇಲೆ ಮುದುಡಿ ಕೂತು ಮೊದಲ ಸಲ ಕೇಳಿದಳು. ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದಿನ ನಡುನಡುವೆ, ಸಣ್ಣ ಕೂಸಿಗೆ ಹೇಳುವ ದನಿಯಲ್ಲಿ: “ಚಂದ್ರಿ, ಆಕಡಿ ಸರಿ, ಬೆಂಕಿ ಐತಿ. ಇದು ನಿಂದ, ಸಣ್ಣದು. ಮುರದು ಕೊಡ್ಲೇನು? ಊದ್ಕೊಂಡು ತಿನ್ನು. ಅಳಬ್ಯಾಡ. ಅವ್ವ ಬರ್ತಾಳ, ಬಾಗಿಲಾ ತಗದಿಡು.” ಅವ್ವನನ್ನು ಕೇಳಿದರೆ, “ಮೆಟ್ರಿಯೊಳಗ ಬಿಟ್ಟು ಬಂದ ಮಗಳು. ಚಂದ್ರಕಲಾ ಅಂತ. ನಿನಗ ಗೊತ್ತಿಲ್ಲೇನು?” ಎಂದಳು, ಆಮೇಲೆ ಕೈಯಲ್ಲಿದ್ದ ಸೌಟನ್ನು ನೋಡುತ್ತ, “ಹಂಗಂತಾಳೇನು ಅಕ್ಕ? ಇಷ್ಟು ವರ್ಷ ಕೂಡಿ ಅಡಿಗಿ ಮಾಡೀನಿ, ನನಗ ಒಂದಿನ ಕೇಳಿಸಿಲ್ಲ ನೋಡು” ಎಂದಳು. ಶಾಂಭವಿಗೆ ಗೊತ್ತಿಲ್ಲವೆಂದಲ್ಲ. ತಾನೆಂದೂ ನೋಡದ ದೋಣಿಮಲೈ ಸಂಡೂರಿನಾಚೆ ಇದೆ ಎಂದು ಗೊತ್ತಿರುವ ಹಾಗೆ, ಅತ್ತೆಗೊಬ್ಬ ಮಗಳು ಎಲ್ಲೋ ಇದ್ದಾಳೆಂದು ಗೊತ್ತಿತ್ತು.

ಆದರೆ ತಪ್ಪು ಅದಲ್ಲ, ತಪ್ಪು ಆಮೇಲಿನದು. ಪ್ರತಿ ಕಮೆಂಟಿಗೂ ಉತ್ತರ ಕೊಡಿ, ಕೊಡದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ ಎಂದು ಸರ್ ಹೇಳಿದ್ದರು. ಜನರೆದುರು ಬಾಯಿ ಬರದ ಶಾಂಭವಿಗೆ ಬೆರಳಿನಲ್ಲಿ ಎಲ್ಲಿಲ್ಲದ ಮಾತು ಬಂತು. ಒಬ್ಬೊಬ್ಬರಿಗೂ ಬರೆದಳು. ಇಷ್ಟು ಜನ ತನ್ನ ಉತ್ತರಕ್ಕೆ ಕಾದದ್ದು ಅವಳ ಜೀವಮಾನದಲ್ಲೇ ಇರಲಿಲ್ಲ. ಕೆನ್ನೆ ಬಿಸಿಯಾಗಿತ್ತು, ಅದಕ್ಕೆ ಸಂತೋಷ ಎಂದು ಹೆಸರಿಡಲು ಅವಳಿಗೆ ಈಗಲೂ ನಾಚಿಕೆ. ಚಂದ್ರಿ ಯಾರು ಎಂದು ಅಷ್ಟು ವಿನಯದಿಂದ ಕೇಳಿದವರಿಗೆ, ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟಳು: ಅತ್ತೆಯ ಮಗಳು ಚಂದ್ರಕಲಾ, ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿದ್ದಾರೆ.

ಇವತ್ತು ಬೆಳಿಗ್ಗೆ ಆರ್ಡರಿನ ನಂಬರಿಗೆ ಫೋನು ಬಂತು. ಅವಳು ಪೆನ್ನು ಎಳೆದುಕೊಂಡು, “ಹೇಳ್ರಿ, ಎಷ್ಟು ಪ್ಯಾಕ್?” ಎಂದಳು.

“ರೊಟ್ಟಿ ಬ್ಯಾಡ್ರಿ. ನಾನು ಮೆಟ್ರಿಯಿಂದ ಚಂದ್ರಕಲಾ ಮಾತಾಡಾಕತ್ತೀನಿ. ನೀವು ಕೊಟ್ರಯ್ಯ ಮಾಮಾರ ಮಗಳೇನು?”

“ಹೌದ್ರಿ… ಅಕ್ಕಾರ.” ಆ ಅಕ್ಕ ಎಂಬುದು ಅವಳ ಬಾಯಿಂದ ಹೊರಟು, ಕೂರಲು ಜಾಗ ಸಿಗದೆ ನಿಂತಿತು.

“ಅದನ್ನ ತೆಗೀರಿ. ನಿಮ್ಮ ಕಾಲು ಹಿಡ್ಕೊಂತೀನಿ. ಇಲ್ಲಿ ಹೋಟೆಲ್ ಮುಂದ ಕುಂತು ಹಚ್ಕೊಂಡು ನಗಾಕತ್ತಾರ. ಮಗಳ ಸಂಬಂಧ ಮಾತಾಡಾಕತ್ತೀವಿ. ಬೀಗರಿಗೆ ನಮ್ಮವ್ವ ಅಂದ್ರ ಇಲ್ಲೇ ಇರಾಕಿ, ನನ್ನ ಬೆಳಸಿದಾಕಿ. ಈಗ ಕೇಳಾಕತ್ತಾರ, ಆ ಹುಚ್ಚಿ ಯಾರು, ನಿಮ್ಮ ಹೆಸರು ಹಿಡದು ಯಾಕ ಕರೀತಾಳ ಅಂತ.”

“ಹುಚ್ಚಿ ಅಲ್ರಿ ಆಕಿ.”

“ನನಗ ಗೊತ್ತೈತ್ರಿ.” ಆ ಕಡೆ ಗದ್ದೆಯ ಪಂಪಿನ ಸದ್ದು ಕೇಳುತ್ತಿತ್ತು. “ನಾನೂ ಕೇಳೀನಿ. ಬಚ್ಚಲದಾಗ ಬಾಗಿಲಾ ಹಾಕ್ಕೊಂಡು ಪೂರ್ತಿ ಕೇಳೀನಿ. ಸಾಕು. ಈ ನಂಬರಿಗೆ ಮತ್ತ ಮಾಡಬ್ಯಾಡ್ರಿ, ಏನೂ ಕಳಿಸಬ್ಯಾಡ್ರಿ, ಇದು ನಮ್ಮ ಮನಿಯವರ ಫೋನು. ಆಕಿಗೂ ಹೇಳಬ್ಯಾಡ್ರಿ ನಾ ಮಾಡಿದ್ದೆ ಅಂತ.”

“ಏನೂ ಹೇಳಬಾರದೇನ್ರಿ?”

“ಏನಂತ ಹೇಳ್ತೀರಿ?” ಎಂದಳು ಚಂದ್ರಕಲಾ. ಸಿಟ್ಟಿನಿಂದಲ್ಲ, ನಿಜವಾಗಿ, ಉತ್ತರ ಇದ್ದರೆ ಕೊಡು ಎನ್ನುವ ಹಾಗೆ.

ಈಗ ಮೆಟ್ಟಿಲ ಮೇಲೆ ಅವಳು ಹೌದು ಎಂಬುದನ್ನು ಒತ್ತಿದಳು. ವಿಡಿಯೋ ಹೋಯಿತು, ಅದರ ಕೆಳಗಿನ ಜನವೆಲ್ಲ ಹೋದರು, ಅವರ ಕಣ್ಣೀರು ಹೋಯಿತು, ಅವಳು ಬರೆದ ಸಾಲೂ ಹೋಯಿತು. ಎದೆ ಒಂದಿಷ್ಟು ಹಗುರಾಯಿತೆಂದುಕೊಂಡು ಮೇಲೆ ಹತ್ತಿ, ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಳು. ಕಿರಣ್ ಕುಮಾರ್ ಸರ್ ತೋರಣಗಲ್ಲಿನ ಕಾರ್ಖಾನೆಯಲ್ಲಿ ಮೊದಲು ಕಾಂಟ್ರಾಕ್ಟಿನ ಮೇಲೆ ಸೂಪರ್‌ವೈಸರ್ ಆಗಿದ್ದವರು. ಈಗಲೂ ಶಿಫ್ಟಿಗೆ ಬಂದವರನ್ನು ಕರೆದಂತೆ ಕೈ ಬೀಸಿ ಮಾತಾಡುತ್ತಾರೆ. “ವಸ್ತು ಮಾರಬ್ಯಾಡ್ರಿ, ಕಥಿ ಮಾರ್ರಿ ಅಂತ ಬಾಯಿ ಹರ್ಕೊಂಡೆ. ಒಬ್ಬರೇ ಕೇಳಿದ್ರು. ಯಾರು? ಮಾತೇ ಆಡದ ನಮ್ಮ ಶಾಂಭವಿ” ಎಂದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸಲು ಅವಳ ಪುಟ ತೆರೆದರು. ಅಲ್ಲಿ ಬರೀ ರೊಟ್ಟಿಯ ಫೋಟೋಗಳಿದ್ದವು. ಅವರು ಮೇಲೆ ಕೆಳಗೆ ಹುಡುಕಿದರು. ನೆಟ್‌ವರ್ಕಿಗೆ ಬೈದರು. ತಾನೇ ಅಳಿಸಿದೆನೆಂದು ಹೇಳಲು ಶಾಂಭವಿ ಬಾಯಿ ತೆರೆದಳು. ಎಲ್ಲರೂ ತಿರುಗಿ ನೋಡುತ್ತಾರೆ ಎಂಬುದೊಂದೇ ಕಾರಣಕ್ಕೆ ಮುಚ್ಚಿಕೊಂಡಳು. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಕಂಪ್ಲಿಯಿಂದ ಬಂದು ಬೆಲ್ಲ ಮಾರುವುದನ್ನು ಕಲಿಯುತ್ತಿದ್ದ ಮಹಾಂತೇಶ ಎಂಬವನು, “ನನ್ನ ಹತ್ರ ಐತ್ರಿ ಸರ್, ಸೇವ್ ಮಾಡೀನಿ. ನಮ್ಮೂರ ಎಲ್ಲಾ ಗ್ರೂಪಿನಾಗೂ ಬಂದೈತಿ” ಎಂದ.

ಗೋಡೆಯ ಮೇಲೆ ಅತ್ತೆಯ ಕೈ ಬಂತು. ಒಂದೊಂದು ಬೆರಳೂ ಮನುಷ್ಯನ ತೋಳಿನಷ್ಟು ದೊಡ್ಡದಾಗಿತ್ತು, ಉಗುರಿನ ಸುತ್ತ ಅಂಟಿದ ಹಿಟ್ಟು ಸುಣ್ಣದ ಗೋಡೆಯ ಬಿರುಕಿನೊಳಕ್ಕೆ ಇಳಿದಿತ್ತು. ಸ್ಪೀಕರಿನಲ್ಲಿ ಆ ದನಿ ಕೋಣೆಯನ್ನೆಲ್ಲ ತುಂಬಿತು. ಆಕಡಿ ಸರಿ, ಬೆಂಕಿ ಐತಿ ಎಂದಾಗ ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಸಂಗಮ್ಮ ಸೆರಗಿನಿಂದ ಮೂಗು ಒರೆಸಿದಳು. ಶಾಂಭವಿಗೆ ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡಬೇಕು, ಅದು ತನ್ನ ಮೈಮೇಲೆ ಬೀಳಲಿ ಅನ್ನಿಸಿತು. ಅನ್ನಿಸಿದ್ದು ಕಾಲಿನ ತನಕ ಇಳಿಯಲಿಲ್ಲ. “ಡೈಲಾಗ್ ಯಾರು ಬರದಾರ್ರಿ ಮೇಡಂ?” ಎಂದು ಮಹಾಂತೇಶ ಕೇಳಿದ. “ಹೇಳವ್ವಾ, ಐಡಿಯಾ ಹೆಂಗ ಬಂತು?” ಎಂದರು ಸರ್. ಅವಳು ಎದ್ದು ನಿಂತಳು. “ಅಲ್ಲಿ ಬೆಳಕು ಚಲೋ ಇತ್ತು ಸರ್” ಎಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ಅದನ್ನು ವಿನಯವೆಂದು ತಿಳಿದರು. “ಎರಡನೇ ಭಾಗ ಜಲ್ದಿ ಹಾಕವ್ವಾ, ಬಿಸಿ ಇದ್ದಾಗಲೇ” ಎಂದರು ಸರ್.

ಬಸವಣ್ಣ ಕಾಲುವೆಯ ದಂಡೆ ಹಿಡಿದು ಅವಳು ಮನೆಗೆ ನಡೆದಳು. ನೀರು ಎಷ್ಟು ಮೆಲ್ಲಗೆ ಹೋಗುತ್ತಿತ್ತೆಂದರೆ ಹೋಗುತ್ತಿದೆಯೋ ಇಲ್ಲವೋ ಎಂಬುದು ಒಂದು ಚಪ್ಪಲಿ ತೇಲಿ ಬಂದ ಮೇಲಷ್ಟೇ ತಿಳಿಯಿತು. ಒಂದು ದಿನ, ಅವಳು ಹೈಸ್ಕೂಲಿನಲ್ಲಿದ್ದಾಗ, ಹೆಣ್ಣುಮಕ್ಕಳು ತವರಿಗೆ ಬರುವ ನಾಗರಪಂಚಮಿಗೆ ಜೋಕಾಲಿ ಕಟ್ಟಿದ್ದರು. ಎಲ್ಲರೂ ಆಡಿ ಇಳಿದ ಮೇಲೆ ಅತ್ತೆ ಬಂದು ಖಾಲಿ ಜೋಕಾಲಿಯನ್ನು ಒಂದು ಕೈಯಿಂದ ಮೆಲ್ಲಗೆ ತೂಗುತ್ತ ನಿಂತಿದ್ದಳು. ಹಗ್ಗ ಗಟ್ಟಿ ಇದೆಯೋ ನೋಡುತ್ತಿದ್ದಾಳೆಂದು ತಿಳಿದು ಶಾಂಭವಿ ಒಳಗೆ ಹೋಗಿದ್ದಳು. ಹಾಗೆ ತಿಳಿದು ಒಳಗೆ ಹೋದ ಸಂದರ್ಭಗಳು ಇನ್ನೆಷ್ಟಿರಬಹುದು. ಇವತ್ತು ಹೇಳಿಬಿಡಬೇಕು, ವಿಡಿಯೋ ಹಾಕಿದ್ದನ್ನು, ತೆಗೆದದ್ದನ್ನು. ಯಾಕೆ ತೆಗೆದೆ ಅಂದರೆ? ಅಲ್ಲಿಗೆ ಬಂದು ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಬಾಗಿಲಲ್ಲೇ ಪಕ್ಕದ ಮನೆಯ ವಿರುಪಮ್ಮ ಸಿಕ್ಕಳು, ಕೈಯಲ್ಲಿ ಫೋನು. “ನಿಮ್ಮತ್ತಿ ಹೀರೋಯಿನ್ ಆಗ್ಯಾಳ ಬಿಡವ್ವಾ. ಆಕಿಗೇ ತೋರಿಸಿಲ್ಲಂತಲ್ಲ ನೀನು? ನಾನೇ ತೋರಿಸಿದೆ ನೋಡು. ನಮ್ಮ ತಮ್ಮ ಕಳಿಸಿದ್ದ.”

ಶಾಂಭವಿ ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಹೋದಳು. ನಡುಮನೆಯಲ್ಲಿ ಅಪ್ಪ ಟಿವಿ ಹಚ್ಚಿಕೊಂಡು ಕೂತಿದ್ದ, ಅವ್ವ ರೊಟ್ಟಿಯ ಪ್ಯಾಕುಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತೆ ಒಲೆ ಹೊತ್ತಿಸದೆ ಅದರ ಮುಂದೆ ಕೂತಿದ್ದಳು. ತಲೆ ಬಾಚಿ, ಮದುವೆ ಮುಂಜಿಗೆ ತೆಗೆಯುವ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿದ್ದಳು. ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಈ ಸೀರೆಯನ್ನು ಎದುರಿಸುವುದು ಹೇಗೆಂದು ತಿಳಿಯಲಿಲ್ಲ.

“ಕೈ ಅಂದಿದ್ದಿ. ಬಾಯೂ ಬಂದೈತಲ್ಲ ಅದರಾಗ” ಎಂದಳು ಅತ್ತೆ.

“ತಪ್ಪಾತು ಅತ್ತಿ.”

“ನಾ ಹಂಗ ಮಾತಾಡ್ತೀನಂತ ನನಗ ಗೊತ್ತಿದ್ದಿಲ್ಲ. ಮನಸಿನಾಗ ಅಂತೀನಿ ಅಂದ್ಕೊಂಡಿದ್ದೆ.” ಅವಳು ಮೊಣಕಾಲ ಮೇಲಿನ ಸೀರೆಯ ನೆರಿಗೆಯನ್ನು ಒಂದೊಂದಾಗಿ ಒತ್ತಿದಳು. “ಇದು ಎಲ್ಲೆಲ್ಲಿ ಕಾಣ್ತೈತಿ?”

“ಎಲ್ಲಾ ಕಡಿ.”

“ಕಂಪ್ಲಿಗೆ?”

“ಕಾಣ್ತೈತಿ.”

“ಮೆಟ್ರಿಗೆ?”

ಶಾಂಭವಿ ತಲೆ ಆಡಿಸಿದಳು. ಅದು ಹೌದೆಂದೋ ಅಲ್ಲವೆಂದೋ ಅವಳಿಗೇ ಗೊತ್ತಾಗಲಿಲ್ಲ. ಅತ್ತೆ ಹೌದೆಂದು ತೆಗೆದುಕೊಂಡಳು.

“ಹಂಗಾದ್ರ ಇನ್ನೊಂದು ಸಲ ತೆಗಿ. ಅದರಾಗ ಸುಮ್ಮಸುಮ್ಮನ ಏನೇನೋ ಅಂದೀನಿ, ಕೂಸಿಗೆ ಅಂದಂಗ. ಆಕಿ ಈಗ ಕೂಸೇನು? ಹೇಳೋದು ಬ್ಯಾರೇನ ಐತಿ. ಮುಖ ತೆಗಿ ಈ ಸಲ. ಗುರುತು ಹತ್ತಬೇಕಲ್ಲ ಆಕಿಗೆ.”

ಆಗ ಹೇಳಬೇಕಿತ್ತು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಫೋನನ್ನು ಎತ್ತಿ ಹಿಡಿದಳು. ಪರದೆಯಲ್ಲಿ ಅತ್ತೆಯ ಮುಖ ತುಂಬಿತು. ಈ ಮುಖವನ್ನು ತಾನು ಇಷ್ಟು ಹತ್ತಿರದಿಂದ ನೋಡಿಯೇ ಇಲ್ಲ ಅನ್ನಿಸಿತು. ಎಡ ಹುಬ್ಬಿನ ನಡುವೆ ಒಂದು ಹಳೆಯ ಗಾಯದ ಗೆರೆಯಿತ್ತು.

“ಚಂದ್ರಿ, ನಾ ಅವ್ವ” ಎಂದಳು ಅತ್ತೆ. ಫೋನಿನ ಕಣ್ಣು ಎಲ್ಲಿದೆಯೆಂದು ತಿಳಿಯದೆ ಶಾಂಭವಿಯ ಕಣ್ಣನ್ನೇ ನೋಡುತ್ತಿದ್ದಳು. “ಪಂಚಮಿಗೆ ಇಲ್ಲಿಗೆ ಬಂದಿದ್ದೆ. ಹೊಂಟಾಗ ನೀ ಮಲಗಿದ್ದಿ. ಎಬ್ಬಿಸಬ್ಯಾಡ, ಹೋಗಿ ಬಾ, ನಾ ನೋಡ್ಕೊಂತೀನಿ ಅಂದಳು ನಿಮ್ಮಜ್ಜಿ. ಆಕಿ ಕೆಟ್ಟಾಕಿ ಅಲ್ಲ. ನಿಮ್ಮಪ್ಪನೂ ಒಂದಿನ ಕೈ ಎತ್ತಲಿಲ್ಲ. ಮಂದಿ ಏನರ ಅಂದಿದ್ರ ನಂಬಬ್ಯಾಡ. ಇಲ್ಲಿ ಬಂದು ಮಲಗಿದೆ. ಅಷ್ಟ. ಅಲ್ಲಿ ಕೋಳಿ ಕೂಗೂದರಾಗ ಏಳಬೇಕು, ಮನಿ ರೊಟ್ಟಿ, ಆಳಿನ ರೊಟ್ಟಿ, ಹೊಲದ ಬುತ್ತಿ. ಇಲ್ಲಿ ಯಾರೂ ಎಬ್ಬಿಸಲಿಲ್ಲ. ಹೊತ್ತು ನೆತ್ತಿಗೆ ಬರೂತನ ಮಲಗಿದೆ. ನಾಳಿಗೆ ಹೋಗ್ತೀನಿ ಅಂದೆ. ಮರುದಿನ ಇನ್ನೊಂದಿನ ಅಂದೆ. ನೀ ನೆನಪಾಗಲಿಲ್ಲಂತಲ್ಲವ್ವಾ. ನಿದ್ದಿ ಬರ್ತಿತ್ತು. ಹಂಗ ದಿನ ಆದ್ವು, ಆ ಮ್ಯಾಲೆ ಹೋಗಾಕ ನಾಚಿಕಿ ಆತು. ಇಷ್ಟು ದಿನ ಯಾಕ ಬರಲಿಲ್ಲ ಅಂತ ಕೇಳಿದ್ರ, ನಿದ್ದಿ ಬಂದಿತ್ತು ಅಂತ ಹೆಂಗ ಹೇಳ್ಲಿ? ಕರಿಯಾಕ ಬರ್ತಾರ ಅಂತ ಕಾದೆ. ಅವರು ಆಕೀನೇ ಬರ್ಲಿ ಅಂತ ಕಾದ್ರು. ಆ ಮ್ಯಾಲೆ ಇನ್ನೊಬ್ಬಾಕಿನ ತಂದ್ರು.”

ನಡುಮನೆಯಲ್ಲಿ ಟಿವಿಯ ಸದ್ದು ಕಡಿಮೆಯಾಯಿತು. ಅಂದು ಎಬ್ಬಿಸದೆ ಅಕ್ಕನನ್ನು ಮಲಗಲು ಬಿಟ್ಟವನು ಅಲ್ಲಿ ಕೂತಿದ್ದಾನೆ ಎಂದು ಶಾಂಭವಿಗೆ ನೆನಪಾಯಿತು. ಒಲವಿನಿಂದಲೇ ಬಿಟ್ಟಿರಬೇಕು ಅಪ್ಪ. ಅವಳು ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ನಿನಗ ಮಗಳದಾಳೋ ಇಲ್ಲೋ ನನಗ ಗೊತ್ತಿಲ್ಲ” ಎಂದಳು ಅತ್ತೆ. “ಇದ್ರ, ಗಂಡನ ಮನಿಯಿಂದ ಬಂದಾಗ ಮಲಗಾಕ ಬಿಡು. ಮರುದಿನ ಮಾತ್ರ ಎಬ್ಬಿಸು.”

ಸೆರಗು ಸರಿಮಾಡಿಕೊಂಡು, “ಆತು. ಕಳಿಸು” ಎಂದಳು.

ಶಾಂಭವಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೆಳಗಿನ ಆ ನಂಬರು ಅಲ್ಲೇ ಇತ್ತು; ಒಂದು ಸಲ ಒತ್ತಿದರೆ ಗದ್ದೆಯ ಪಂಪು ಓಡುವ ಆ ಮನೆಯಲ್ಲಿ, ಯಾವನೋ ಗಂಡಸಿನ ಅಂಗಿಯ ಜೇಬಿನಲ್ಲಿ, ಇದು ಸದ್ದು ಮಾಡುತ್ತದೆ. ಅವನು ತೆರೆಯುತ್ತಾನೆ. ಬೀಗರು ಕೂತಿರುತ್ತಾರೆ. ಮಲಗಿ ಎದ್ದ ತಪ್ಪಿಗೆ ಕಳೆದುಹೋದ ಒಬ್ಬಳು, ಯಾವ ತಪ್ಪೂ ಇಲ್ಲದೆ ಬಚ್ಚಲಲ್ಲಿ ನಿಂತು ಕೇಳುವ ಇನ್ನೊಬ್ಬಳು, ನಡುವೆ ತನ್ನ ಹೆಬ್ಬೆರಳು. ಅದನ್ನು ಅವಳು ಗಾಜಿನ ಮೇಲೆ ಎತ್ತಿ ಹಿಡಿದಳು, ಕೆಳಗೆ ಇಳಿಸಲಿಲ್ಲ.

“ಹೋತೇನು?” ಎಂದಳು ಅತ್ತೆ.

“ಹೋತು ಅತ್ತಿ.”

“ಸಾಕು ಬಿಡು.” ಅವಳು ಎದ್ದು ಹೋಗಿ ಸೀರೆ ಬದಲಿಸಿ ಬಂದಳು. ಒಲೆ ಹೊತ್ತಿಸಿ, ಪರಾತಕ್ಕೆ ಹಿಟ್ಟು ಸುರಿದು, ಬಿಸಿನೀರು ಹಾಕಿ ನಾದಿದಳು. ನಾಳೆ ಕಳಿಸಬೇಕಾದ ಪ್ಯಾಕುಗಳು ಇನ್ನೂ ಇದ್ದವು. ಮೊದಲ ಮುದ್ದೆ ತೆಗೆದುಕೊಂಡು ತಟ್ಟತೊಡಗಿದಳು. ಶಾಂಭವಿ ಬಾಗಿಲಿಗೆ ಒರಗಿ, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನೆಲ್ಲ ಇನ್ನು ಮೇಲಾದರೂ ಕೇಳುವೆನೆಂಬಂತೆ ಕಾದು ನಿಂತಳು. ಅಂಗೈ ಹಿಟ್ಟಿನ ಮೇಲೆ ಬೀಳುತ್ತಿತ್ತು, ರೊಟ್ಟಿ ತಿರುಗುತ್ತಿತ್ತು, ಹಂಚಿನ ಮೇಲೆ ರೊಟ್ಟಿಗೆ ನೀರು ಸವರುವ ಬಟ್ಟೆ ಚುಂಯ್ ಎನ್ನುತ್ತಿತ್ತು. ಬೇರೆ ಏನೂ ಇರಲಿಲ್ಲ. ಎರಡನೇ ರೊಟ್ಟಿಯೂ ಹಾಗೇ ಎದ್ದಿತು, ಮೂರನೆಯದೂ.

ನಡುಮನೆಯಿಂದ ಅವ್ವ ಲೇಬಲ್ ಹಿಡಿದೇ ಎದ್ದು ಬಂದು ಇಣುಕಿದಳು. “ಯಾಕಕ್ಕ, ಮೈ ಹುಷಾರಿಲ್ಲೇನು? ಮನಿ ಒಂಥರಾ ಆಗೈತಿ.”

“ಏನಿಲ್ಲ ಗಂಗಾ” ಎಂದಳು ಅತ್ತೆ, ಹಂಚಿನಿಂದ ಕಣ್ಣು ತೆಗೆಯದೆ. “ಹೇಳೋದೆಲ್ಲ ಹೇಳಿ ಆತು.”